ಭಾನುವಾರದ ಹೋಟೆಲ್ ಊಟ

ಹೊಸೂರಿನ ಬಾಗಲೂರು ರಸ್ತೆ, ಮತ್ತಿಗಿರಿ, ಸಿಪ್‌ಕಾಟ್ ಕಡೆಯ ಬಡಾವಣೆಗಳಲ್ಲಿ ಭಾನುವಾರ ಬಲಿಪೂಜೆ ಮುಗಿಸಿ ಮನೆಮಂದಿಯೆಲ್ಲ ಹೋಟೆಲಿಗೆ ಹೋಗುವುದುಂಟು. ವಾರವಿಡೀ ಒಲೆಯ ಮುಂದೆ ನಿಂತ ತಾಯಿಗೆ ಅಂದಾದರೂ ಬಿಡುವು ಸಿಗಲಿ, ಅದು ದುಂದುವೆಚ್ಚವಲ್ಲ.

ಮೂರು ಭಾಷೆಗಳು ಕೂಡುವ ಈ ಊರಿನಲ್ಲಿ ಮುದ್ದೆ-ಸಾರು, ಬಾಳೆಲೆ ಊಟ, ಆಂಧ್ರ ಊಟ, ಬಿರಿಯಾನಿ ಎಲ್ಲವೂ ಇವೆ. ಹೋಟೆಲ್ ಆರಿಸುವಾಗ ದೀಪಾಲಂಕಾರಕ್ಕೆ ಮರುಳಾಗಬೇಡಿ. ಅಜ್ಜ-ಅಜ್ಜಿ ಮೆಟ್ಟಿಲು ಹತ್ತದೆ ಕೂರಬಹುದೇ, ಕೈತೊಳೆಯುವ ಜಾಗ ಶುಚಿಯಾಗಿದೆಯೇ, 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆ ಕಾಣುವಂತಿದೆಯೇ ಎಂದು ನೋಡಿ.

ಬಿಲ್ಲಿಗೆ ಸೇವಾ ಶುಲ್ಕವನ್ನು ತಾವಾಗಿಯೇ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಸೂಚಿಸಿದೆ. ಕೊಡಬೇಕೆನಿಸಿದ್ದನ್ನು ಬಡಿಸಿದ ಹುಡುಗನ ಕೈಗೇ ಕೊಡಿ. ನಮ್ಮ ಬಿಡುವಿನ ದಿನ ಅವನಿಗೆ ದುಡಿಮೆಯ ದಿನ. ಅವನನ್ನು ‘ಏಯ್’ ಎನ್ನದೆ ‘ತಮ್ಮಾ’, ‘ತಂಬಿ’ ಎಂದು ಕರೆಯಿರಿ. ಮಕ್ಕಳು ನೋಡಿ ಕಲಿಯುತ್ತಾರೆ.

ತಿನ್ನುವಷ್ಟೇ ತರಿಸಿ, ಮಿಕ್ಕಿದ್ದನ್ನು ಕಟ್ಟಿಸಿಕೊಳ್ಳಲು ನಾಚಬೇಡಿ. ಆಹಾರ ಎಸೆಯುವುದು ಬಡವರ ಪಂಕ್ತಿಯಿಂದ ಕದ್ದಂತೆ ಎಂದು ಪೋಪ್ ಫ್ರಾನ್ಸಿಸ್ 2013ರಲ್ಲಿ ಎಚ್ಚರಿಸಿದ್ದರು.

ಊಟಕ್ಕೆ ಮುನ್ನ ಮೊಬೈಲ್ ಬದಿಗಿಟ್ಟು, ಸಂಕೋಚವಿಲ್ಲದೆ ಶಿಲುಬೆಯ ಗುರುತು ಮಾಡಿ. ಎಮ್ಮಾವುಸಿನಲ್ಲಿ ಶಿಷ್ಯರು ಪುನರುತ್ಥಾನ ಹೊಂದಿದ ಪ್ರಭುವನ್ನು ಗುರುತಿಸಿದ್ದು ಊಟಕ್ಕೆ ಕೂತಾಗಲೇ.