ಬಿಡುವುದು ಯಾವುದನ್ನು?

ಮುಂಗಾರಿನ ಮೊದಲ ಮಳೆ ಬಿದ್ದು ನಮ್ಮ ಬೀದಿಯ ಹೊಂಗೆಯ ಮರಗಳು ತೊಳೆದಿಟ್ಟಂತೆ ಕಾಣುವ ದಿನಗಳಲ್ಲಿಯೇ ಕಾಲೇಜುಗಳ ಬಾಗಿಲೂ ತೆರೆಯುತ್ತದೆ. ನಾನು ಅಧ್ಯಾಪಕ ವೃತ್ತಿಯಿಂದ ನಿವೃತ್ತನಾಗಿ ಹಲವು ವರ್ಷಗಳಾದರೂ, ಈ ಕಾಲ ಬಂತೆಂದರೆ ಒಂದಿಬ್ಬರು ಎಳೆಯರು ನನ್ನ ಮನೆಯ ಜಗಲಿಗೆ ಬರುವುದು ತಪ್ಪಿಲ್ಲ. ಹಿಂದೆ ತಂದೆಯೋ ತಾಯಿಯೋ ಇದ್ದರೆ ಪ್ರಶ್ನೆ ಸುಲಭ: "ಯಾವುದು ತೆಗೆದುಕೊಂಡರೆ ಕೆಲಸ ಸಿಗುತ್ತೆ, ಮೇಷ್ಟ್ರೇ?" ಒಬ್ಬರೇ ಬಂದರೆ ಪ್ರಶ್ನೆ ಕಷ್ಟದ್ದೇ ಇರುತ್ತದೆ.

ಈ ವರ್ಷ ಒಬ್ಬಳೇ ಬಂದವಳು ನನ್ನ ತಂಗಿಯ ಮೊಮ್ಮಗಳು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ ಒಳ್ಳೆಯ ಅಂಕಗಳನ್ನೇ ಪಡೆದಿದ್ದಾಳೆ. ಡಾಕ್ಟರಿಕೆಯೂ ಬೇಡ, ಇಂಜಿನಿಯರಿಂಗೂ ಬೇಡ ಎಂದು ಮನೆಯಲ್ಲಿ ಹಟ ಹಿಡಿದು ಗೆದ್ದಿದ್ದಾಳೆ. ಗೆದ್ದ ಮೇಲೆ ಏನು ಮಾಡಬೇಕೆಂಬುದೊಂದು ಮಾತ್ರ ಅವಳಿಗೆ ತಿಳಿದಿಲ್ಲ. ಚಿಕ್ಕಂದಿನಿಂದ ಅವಳು ಹಳೆಯ ಪತ್ರಿಕೆಗಳ ನಡುವೆ ಎಲೆ ಹೂಗಳನ್ನು ಒಣಗಿಸಿ ಇಟ್ಟುಕೊಳ್ಳುವವಳು. ಊರಿಗೆ ಹೋದರೆ ಕೆರೆಯ ಏರಿಯ ಮೇಲಿನ ವೀರಗಲ್ಲಿನ ಮುಂದೆ ಕುಳಿತು, ಸವೆದ ಅಕ್ಷರಗಳ ಮೇಲೆ ಬೆರಳಾಡಿಸುತ್ತಾಳೆ. ಹಳಗನ್ನಡ ಪದ್ಯವನ್ನು ಅರ್ಥವಾಗುವುದಕ್ಕೆ ಮೊದಲೇ ಬಾಯಿಪಾಠ ಮಾಡಿಬಿಡುತ್ತಾಳೆ.

ಪ್ರವೇಶದ ಅರ್ಜಿಯನ್ನು ಅವಳು ಕೈಯಲ್ಲಿನ ಮೊಬೈಲಿನಲ್ಲಿಯೇ ತೋರಿಸಿದಳು. ವಿಷಯಗಳ ಗುಂಪುಗಳು ಸಾಲಾಗಿದ್ದವು; ಪ್ರತಿಯೊಂದರ ಮುಂದೆ ಒಂದು ಪುಟ್ಟ ವೃತ್ತ. ಸಸ್ಯಶಾಸ್ತ್ರವಿದ್ದ ಗುಂಪಿನ ಮುಂದೆ ಬೆರಳಿಟ್ಟಳು, ವೃತ್ತ ತುಂಬಿತು. ಕನ್ನಡ, ಇತಿಹಾಸಗಳಿದ್ದ ಗುಂಪಿನ ಮುಂದೆ ಬೆರಳಿಟ್ಟಳು. ಅದು ತುಂಬಿತು, ಮೊದಲನೆಯದು ತಾನಾಗಿಯೇ ಬರಿದಾಯಿತು.

"ನೋಡಿ ತಾತ, ಯಾವುದನ್ನ ತಗೋ ಅಂತ ಎಲ್ಲರೂ ಹೇಳ್ತಾರೆ. ಬಿಡೋದು ಯಾವುದನ್ನ ಅಂತ ಯಾರೂ ಹೇಳೋಲ್ಲ," ಎಂದಳು.

ಅವಳಿಗೆ ಆಗಲೇ ಎರಡು ಉಪದೇಶಗಳು ದೊರೆತಿದ್ದುವು. ಕೆಲಸ ಸಿಗುವುದನ್ನು ಆರಿಸಿಕೊ ಎಂಬುದು ಮೊದಲನೆಯದು. ಹೊಟ್ಟೆಯ ಪ್ರಶ್ನೆಯನ್ನು ಹೀಗಳೆಯುವ ಹಕ್ಕು ನಿವೃತ್ತಿವೇತನ ಪಡೆಯುವ ನನ್ನಂಥವನಿಗಿಲ್ಲ. ಆದರೆ ಅವಳ ಮುಂದಿರುವ ಗುಂಪುಗಳಲ್ಲಿ ಒಂದು ಬಂಗಾರದ ಗಣಿ, ಇನ್ನೊಂದು ಬರಡು ನೆಲ ಎಂಬಂಥ ಅಂತರವೇನೂ ಇರಲಿಲ್ಲ. ಎರಡನೆಯ ಉಪದೇಶ, ಹೆಚ್ಚು ಇಷ್ಟವಾದುದನ್ನು ಆರಿಸಿಕೊ ಎಂಬುದು. ಕೇಳಲು ಇದು ಇಂಪಾಗಿದೆ. ಆದರೆ ಹದಿನೆಂಟರ ಹರೆಯದಲ್ಲಿ ಇಷ್ಟವೆಂಬುದು ತಕ್ಕಡಿಗೆ ಸಿಕ್ಕುವ ವಸ್ತುವಲ್ಲ. ಬೆಳಗ್ಗೆ ಗಿಡ, ಸಂಜೆ ಪದ್ಯ, ರಾತ್ರಿ ಶಾಸನ. ಮೂರೂ ನಿಜವಾದ ಪ್ರೀತಿಗಳೇ. ಪ್ರೀತಿ ಕಡಮೆಯಾಗಿ ಕಷ್ಟಪಡುವವರಿಗೆ ಹೇಳಬೇಕಾದ ಮಾತನ್ನು, ಪ್ರೀತಿ ಹೆಚ್ಚಾಗಿ ಕಷ್ಟಪಡುವವಳಿಗೆ ಹೇಳಿ ಏನು ಫಲ?

ನಿಯಮಗಳು ಈಚೆಗೆ ಸಡಿಲವಾಗಲಿಲ್ಲವೆಂದಲ್ಲ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ನಮ್ಮ ರಾಜ್ಯದ ಪದವಿ ಕಾಲೇಜುಗಳು ೨೦೨೧ರಲ್ಲಿ ಜಾರಿಗೆ ತಂದಾಗ, ವಿಜ್ಞಾನದ ಹುಡುಗರು ಕಲಾ ವಿಭಾಗದ ವಿಷಯವೊಂದನ್ನು ಮುಕ್ತ ಐಚ್ಛಿಕವಾಗಿ ಓದಲು ದಾರಿಯಾಯಿತು. ೨೦೨೪ರಲ್ಲಿ ರಾಜ್ಯವು ಮತ್ತೆ ಮೂರು ವರ್ಷಗಳ, ಮೂರು ಮುಖ್ಯ ವಿಷಯಗಳ ಪದವಿಗೆ ಮರಳಿತು. ಈ ನಡುವೆ, ೨೦೨೨ರಲ್ಲಿ, ಒಬ್ಬ ವಿದ್ಯಾರ್ಥಿ ಏಕಕಾಲದಲ್ಲಿ ಎರಡು ಪದವಿಗಳಿಗೆ ಓದಬಹುದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಅನುಮತಿ ಕೊಟ್ಟಿತು. ನಿಯಮ ಹಿಗ್ಗಬಹುದು, ಕುಗ್ಗಬಹುದು. ದಿನಕ್ಕೆ ಇರುವುದು ಇಪ್ಪತ್ತನಾಲ್ಕೇ ಗಂಟೆ. ಪ್ರಶ್ನೆ ಇದ್ದಲ್ಲಿಯೇ ಇದೆ.

ಉತ್ತರ ಹೇಳಲು ನಾನು ಹಿಂಜರಿದುದಕ್ಕೆ ಕಾರಣವಿತ್ತು. ಹಿಂದೊಮ್ಮೆ ನಾನು ತಪ್ಪು ಉತ್ತರ ಹೇಳಿದವನು. ತಪ್ಪೆನ್ನುವುದಕ್ಕಿಂತ ಅರ್ಧ ಉತ್ತರ ಎನ್ನಬೇಕು. ಅರ್ಧ ಉತ್ತರ ಕೆಲವೊಮ್ಮೆ ತಪ್ಪು ಉತ್ತರಕ್ಕಿಂತ ಹೆಚ್ಚಿನ ಕೇಡು ಮಾಡುತ್ತದೆ.

ನಾನು ಗಣಿತದ ಅಧ್ಯಾಪಕನಾಗಿದ್ದ ಕಾಲೇಜಿನಲ್ಲಿ ಪ್ರವೇಶದ ದಿನಗಳಂದು ನಾವೆಲ್ಲರೂ ಸರದಿಯಂತೆ ಮೇಜಿನ ಮುಂದೆ ಕೂರಬೇಕಾಗಿತ್ತು. ಒಂದು ವರ್ಷ ಹಳ್ಳಿಯ ಹುಡುಗನೊಬ್ಬ ಬಂದು, ಗಣಿತದ ಜತೆಗೆ ಐಚ್ಛಿಕ ಕನ್ನಡವನ್ನೂ ತೆಗೆದುಕೊಳ್ಳಬಹುದೇ ಎಂದು ಕೇಳಿದ. "ಅಂಥ ಕಾಂಬಿನೇಷನ್ ಇಲ್ಲಪ್ಪ," ಎಂದೆ. ಮಾತು ಸತ್ಯವಾದುದೇ, ಆ ಎರಡೂ ತರಗತಿಗಳು ಬೇರೆ ಬೇರೆ ವಿಭಾಗಗಳಿಗೆ ಸೇರಿದ್ದುವು. ಹುಡುಗ ತಲೆಯಾಡಿಸಿದ, ಗಣಿತಕ್ಕೆ ಹಣ ಕಟ್ಟಿದ. ಹಿಂದೆ ಉದ್ದನೆಯ ಸಾಲಿತ್ತು. ನಾನು ಮುಂದಿನವರನ್ನು ಕರೆದೆ.

ಬಹಳ ವರ್ಷಗಳ ಮೇಲೆ ಒಂದು ಮದುವೆಯ ಮನೆಯಲ್ಲಿ, ತಲೆ ನರೆಯತೊಡಗಿದ ಬ್ಯಾಂಕಿನ ಅಧಿಕಾರಿಯೊಬ್ಬರು ನನ್ನ ಬಳಿ ಬಂದು ನಮಸ್ಕರಿಸಿದರು. ಅದೇ ಹುಡುಗ. ಚೆನ್ನಾಗಿಯೇ ಬದುಕಿದ್ದ, ನನ್ನ ಮೇಲೆ ಅವನಿಗೆ ಕೋಪವೇನೂ ಇರಲಿಲ್ಲ. ಆ ಮಾತು ಈ ಮಾತು ಆಡುತ್ತ ನಕ್ಕು ಹೇಳಿದ: "ಆವತ್ತು ನೀವು ಇಲ್ಲ ಅಂದಿರಿ ಸಾರ್. ನಾನು ಇಲ್ಲ ಅಂತಲೇ ನಂಬಿಬಿಟ್ಟೆ. ಆಮೇಲೆ ಒಂದು ಪದ್ಯದ ಪುಸ್ತಕ ಸಹ ತೆರೀಲಿಲ್ಲ."

ಅಂದಿನ ಊಟ ನನಗೆ ರುಚಿಸಲಿಲ್ಲ. ಕಾಂಬಿನೇಷನ್ ಇರಲಿಲ್ಲ, ನಿಜ. ಆದರೆ ಕನ್ನಡದ ತರಗತಿಗೆ ಗೋಡೆಯೇನೂ ಇರಲಿಲ್ಲ. ನಮ್ಮ ಕನ್ನಡದ ಮೇಷ್ಟ್ರು ಬಾಗಿಲ ಬಳಿ ನಿಂತವರನ್ನು ಕೈಸನ್ನೆ ಮಾಡಿ ಒಳಗೆ ಕರೆದು ಕೂರಿಸಿಕೊಳ್ಳುತ್ತಿದ್ದವರು. ಬಿಡುವಿನ ಗಂಟೆಯಲ್ಲಿ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತುಕೊ ಎಂಬ ಒಂದು ವಾಕ್ಯವನ್ನು ನಾನು ಸೇರಿಸಬಹುದಿತ್ತು, ಸೇರಿಸಲಿಲ್ಲ.

ಹಿಂದಿನ ಬೆಂಚಿನ ಮಹಿಮೆ ಸಣ್ಣದಲ್ಲ. ಖಗೋಳ ಭೌತವಿಜ್ಞಾನಿ ಸುಬ್ರಹ್ಮಣ್ಯನ್ ಚಂದ್ರಶೇಖರರಿಗೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದಾಗ ಒಲವಿದ್ದುದು ಗಣಿತದ ಕಡೆಗೆ. ಮಗ ಐ.ಸಿ.ಎಸ್. ಪರೀಕ್ಷೆಗೆ ಕೂರಬೇಕೆಂಬುದು ತಂದೆಯ ಆಸೆ. ಅವರ ಇಚ್ಛೆಯಂತೆ ಭೌತಶಾಸ್ತ್ರದ ಆನರ್ಸ್ ತೆಗೆದುಕೊಂಡರು. ಆದರೆ ಗಣಿತದ ಪಾಠಗಳನ್ನು ಬಿಡಲಿಲ್ಲ. ಹೋಗಿ ಕುಳಿತು ಕೇಳಿದರು. ೧೯೩೦ರಲ್ಲಿ ಪದವಿ ಪಡೆದು ಇಂಗ್ಲೆಂಡಿಗೆ ಹೊರಟ ಅವರು ಹಡಗಿನಲ್ಲಿಯೇ ನಕ್ಷತ್ರಗಳ ಅಂತ್ಯವನ್ನು ಕುರಿತು ಲೆಕ್ಕ ಹಾಕಿದ ಕತೆ ಪ್ರಸಿದ್ಧವಾಗಿದೆ. ೧೯೮೩ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದುದು ಭೌತಶಾಸ್ತ್ರಕ್ಕೆ. ಆದರೆ ಅವರ ಬರಹದ ಪುಟ ಪುಟದಲ್ಲಿಯೂ ಗಣಿತವಿದೆ. ಅರ್ಜಿಯ ಮೇಲೆ ಬಿಟ್ಟದ್ದನ್ನು ಬದುಕಿನಲ್ಲಿಯೂ ಬಿಡಬೇಕೆಂದು ಅವರು ತಿಳಿಯಲಿಲ್ಲ.

ನಮ್ಮ ಹುಡುಗಿಗೆ ಇನ್ನೂ ಹತ್ತಿರದ ನಿದರ್ಶನ ಬಿ.ಜಿ.ಎಲ್. ಸ್ವಾಮಿಯವರದು. ಡಿ.ವಿ.ಜಿ.ಯವರ ಮಗ, ಮನೆಯಲ್ಲಿ ಸಾಹಿತ್ಯದ ಗಾಳಿಯೇ ಬೀಸುತ್ತಿದ್ದಿರಬೇಕು. ಸ್ವಾಮಿಯವರು ಓದಿದ್ದು ಸಸ್ಯಶಾಸ್ತ್ರ. ಹಾರ್ವರ್ಡಿನಲ್ಲಿ ಇರ್ವಿಂಗ್ ಬೈಲಿಯವರ ಜತೆ ಸಂಶೋಧನೆ ನಡೆಸಿ, ಮುಂದೆ ಸಸ್ಯವೊಂದಕ್ಕೆ ಆ ಗುರುವಿನ ಹೆಸರನ್ನೇ ಇಟ್ಟರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಿನ್ಸಿಪಾಲರೂ ಆದರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ಪ್ರವಾಸಗಳ ಅನುಭವದಿಂದ ಹುಟ್ಟಿದ 'ಹಸುರು ಹೊನ್ನು' ಕೃತಿಗೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಅದರಲ್ಲಿಯ ಗಿಡಗಳ ರೇಖಾಚಿತ್ರಗಳೂ ಅವರ ಕೈಯವೇ. ಅವರ ಇನ್ನೊಂದು ಪುಸ್ತಕದ ಹೆಸರನ್ನು ಕೇಳಿದೊಡನೆ ನಮ್ಮ ಹುಡುಗಿ ಕಣ್ಣರಳಿಸಿದಳು: 'ಶಾಸನಗಳಲ್ಲಿ ಗಿಡಮರಗಳು'.

ದಾಮೋದರ ಕೋಸಂಬಿಯವರೂ ಇಂಥವರೇ. ವೃತ್ತಿಯಿಂದ ಗಣಿತದ ಪ್ರಾಧ್ಯಾಪಕರು. ನಾಣ್ಯಗಳು ಕೈಯಿಂದ ಕೈಗೆ ಹೋದಷ್ಟೂ ಸವೆದು ತೂಕ ಕಳೆದುಕೊಳ್ಳುತ್ತವೆ ಎಂಬ ಸಣ್ಣ ಸತ್ಯವನ್ನು ಹಿಡಿದು, ಪ್ರಾಚೀನ ಮುದ್ರಾಂಕಿತ ನಾಣ್ಯಗಳನ್ನು ಒಂದೊಂದಾಗಿ ತೂಗಿ, ಸಂಖ್ಯಾಶಾಸ್ತ್ರದ ನೆರವಿನಿಂದ ಅವುಗಳ ಹಿಂದು ಮುಂದನ್ನು ನಿರ್ಣಯಿಸಲು ತೊಡಗಿದರು. ಭರ್ತೃಹರಿಯ ಸುಭಾಷಿತಗಳನ್ನು ಸಂಪಾದಿಸಿದರು; ೧೯೫೬ರಲ್ಲಿ ಭಾರತದ ಇತಿಹಾಸವನ್ನು ಕುರಿತ ಗ್ರಂಥವನ್ನು ಹೊರತಂದರು. ಇತಿಹಾಸದ ಮನೆಗೆ ಅವರು ಬರಿಗೈಯಲ್ಲಿ ಹೋಗಲಿಲ್ಲ. ಗಣಿತದ ತಕ್ಕಡಿ ಹಿಡಿದು ಹೋದರು.

ಇವರೆಲ್ಲ ಮಹನೀಯರು, ಸಾಮಾನ್ಯರ ಗತಿಯೇನು ಎಂದು ವಾಚಕರು ಕೇಳಬಹುದು. ಸಾಮಾನ್ಯನ ಸಾಕ್ಷ್ಯವನ್ನೂ ಹೇಳಿಬಿಡುತ್ತೇನೆ. ಅವಳ ವಯಸ್ಸಿನಲ್ಲಿ ನನಗೂ ಶಾಸನಗಳ ಹುಚ್ಚಿತ್ತು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಸಂಪುಟವೊಂದನ್ನು ಗ್ರಂಥಾಲಯದಿಂದ ತಂದು, ಒಂದು ನೋಟ್ ಪುಸ್ತಕದಲ್ಲಿ ಹನ್ನೊಂದು ಶಾಸನಗಳನ್ನು ಬರೆದುಕೊಂಡಿದ್ದೆ. ಪದವಿಗೆ ಗಣಿತ ಆರಿಸಿಕೊಂಡೆ. ಹನ್ನೆರಡನೆಯ ಶಾಸನ ಆ ಪುಸ್ತಕದಲ್ಲಿ ಇಲ್ಲ. ಗಣಿತ ನನ್ನನ್ನು ತಡೆಯಿತೆಂದು ಬಹುಕಾಲ ನಂಬಿದ್ದೆ. ಆ ಮದುವೆಯ ಮನೆಯಿಂದ ಬಂದ ರಾತ್ರಿ ನನಗೆ ತಿಳಿಯಿತು: ಗಣಿತ ತಡೆಯಲಿಲ್ಲ, ವಾರಕ್ಕೊಂದು ಗಂಟೆಯನ್ನು ನಾನೇ ಕೊಡಲಿಲ್ಲ.

ಆದ್ದರಿಂದ ಹುಡುಗಿಗೆ ನಾನು ಉತ್ತರ ಹೇಳಲಿಲ್ಲ; ಎರಡು ಪ್ರಶ್ನೆಗಳನ್ನು ಕೇಳಿದೆ. ಮೊದಲನೆಯದು: ನಿನ್ನ ಪ್ರೀತಿಯ ವಿದ್ಯೆಗಳಲ್ಲಿ ಮನೆಯಲ್ಲಿ ಕುಳಿತು ಒಬ್ಬಳೇ ಬೆಳೆಸಿಕೊಳ್ಳಲಾಗದ್ದು ಯಾವುದು? ಸೂಕ್ಷ್ಮದರ್ಶಕ ಬೇಕಾದದ್ದು, ಪ್ರಯೋಗಶಾಲೆ ಬೇಕಾದದ್ದು, ಪಕ್ಕದಲ್ಲಿ ನಿಂತು ತಪ್ಪು ತಿದ್ದುವ ಗುರು ದಿನವೂ ಬೇಕಾದದ್ದು ಯಾವುದು? ಕಾಲೇಜು ಕೊಡುವುದು ಮುಖ್ಯವಾಗಿ ಇವನ್ನೇ. ಎರಡನೆಯದು: ಯಾವ ವಿದ್ಯೆಯ ಗೊಡ್ಡು ಕೆಲಸವನ್ನು ನೀನು ಬೇಸರವಿಲ್ಲದೆ ಮಾಡಬಲ್ಲೆ? ಪದ್ಯ ಓದುವುದು ಸುಖ. ಪಾಠಾಂತರಗಳನ್ನು ಹೋಲಿಸುತ್ತ ಕೂರುವುದು ಗೊಡ್ಡು ಕೆಲಸ. ಹೂವನ್ನು ನೋಡುವುದು ಸುಖ. ಕಾಂಡವನ್ನು ತೆಳ್ಳಗೆ ಸೀಳಿ, ಬಣ್ಣ ಹಾಕಿ, ಗಾಜಿನ ಮೇಲಿಟ್ಟು, ಸರಿಯಾಗಲಿಲ್ಲವೆಂದು ಮತ್ತೆ ಸೀಳುವುದು ಗೊಡ್ಡು ಕೆಲಸ. ಹಣ್ಣನ್ನು ಎಲ್ಲರೂ ಪ್ರೀತಿಸುತ್ತಾರೆ. ಮೂರು ವರ್ಷ ಮಾಡಬೇಕಾದದ್ದು ಉಳುಮೆ.

ಇಷ್ಟರಿಂದ ನಷ್ಟವೇನೂ ಆಗದು ಎಂದು ನಾನು ಅವಳಿಗೆ ಸುಳ್ಳು ಹೇಳಲಿಲ್ಲ. ನಷ್ಟವಾಗುತ್ತದೆ. ಸಸ್ಯಶಾಸ್ತ್ರ ಓದಿದವಳಿಗೆ ಹಳಗನ್ನಡದಲ್ಲಿ ಪಂಡಿತರ ಆಳ ಸುಲಭವಾಗಿ ಬಾರದು. ಕನ್ನಡ ಓದಿದವಳಿಗೆ ಪ್ರಯೋಗಶಾಲೆಯ ಬಾಗಿಲು ಮತ್ತೆ ತೆರೆಯುವುದು ಕಷ್ಟ. ಒಂದು ಮುಖ್ಯವಾಗುತ್ತದೆ, ಉಳಿದವು ಜತೆಗೆ ನಡೆಯುತ್ತವೆ. ಎಲ್ಲವೂ ಮುಖ್ಯವಾಗಬೇಕೆಂದು ಹೊರಟವನಿಗೆ ಯಾವ ವಿದ್ಯೆಯ ಗೊಡ್ಡು ಕೆಲಸವೂ ಕೈಗೆ ಹತ್ತುವುದಿಲ್ಲ.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಕತ್ತಲಾಗುತ್ತ ಬಂತು, ಮಳೆ ಮತ್ತೆ ಹನಿಯತೊಡಗಿತು. ಮೊಬೈಲನ್ನು ಚೀಲದೊಳಗಿಟ್ಟು ಎದ್ದಳು. ನಾನೂ ಏನನ್ನೂ ಕೇಳಲಿಲ್ಲ.

ಮೂರು ದಿನಗಳ ಮೇಲೆ ಬೆಳಗ್ಗೆ ಬಂದು, "ಸಸ್ಯಶಾಸ್ತ್ರ ಬರೋ ಗುಂಪು ತಗೊಂಡೆ ತಾತ," ಎಂದಳು. ಕಾರಣವನ್ನೂ ಹೇಳಿದಳು: ಸೂಕ್ಷ್ಮದರ್ಶಕವನ್ನು ಮನೆಗೆ ತರಲಾಗದು, ಪದ್ಯವನ್ನು ತರಬಹುದು. ಕನ್ನಡದ ತರಗತಿಯ ವೇಳಾಪಟ್ಟಿಯನ್ನು ಆಗಲೇ ಬರೆದುಕೊಂಡು ಬಂದಿದ್ದಳು. ವಾರಕ್ಕೆರಡು ಗಂಟೆ ಅವಳಿಗೆ ಬಿಡುವಿದೆಯಂತೆ.

"ಶಾಸನ?" ಎಂದೆ.

"ಅದಕ್ಕೆ ಭಾನುವಾರ ಇಲ್ಲಿಗೇ ಬರ್ತೀನಿ. ನಿಮ್ಮ ಆ ನೋಟ್ ಪುಸ್ತಕ ಎಲ್ಲಿ?"

ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅದು ಸಿಕ್ಕಿತು. ಅಂಚುಗಳನ್ನು ಹುಳು ತಿಂದಿದ್ದರೂ ಅಕ್ಷರಗಳು ಉಳಿದಿದ್ದುವು. ಹನ್ನೊಂದನೆಯ ಶಾಸನದ ಮುಂದಿನ ಹಾಳೆಯನ್ನು ತೆರೆದು ಅವಳ ಮುಂದಿಟ್ಟೆ.