ನಿಮಗಿದು ಗೊತ್ತೆ? ಮಹಾಬಳೇಶ್ವರದ ಮರ, ಶ್ವಾಸಕೋಶದ ಕ್ಯಾನ್ಸರ್ ಮದ್ದು

ಪುಣೆಯವರು ರಜೆ ಸಿಕ್ಕರೆ ಓಡುವ ಮಹಾಬಳೇಶ್ವರದ ಕಾಡಿನಲ್ಲಿ ನರಕ್ಯಾ ಎಂಬ ಪುಟ್ಟ ಮರವಿದೆ. ಹೂ ಬಿಟ್ಟಾಗ ಹತ್ತಿರ ನಿಲ್ಲಲಾಗದಷ್ಟು ನಾತ. ಕನ್ನಡದಲ್ಲಿ ಇದರ ಹೆಸರೇ ದುರ್ವಾಸನೆ ಮರ.

ಇದರ ತೊಗಟೆ, ಬೇರುಗಳಲ್ಲಿರುವುದು ಕ್ಯಾಂಪ್ಟೊಥೆಸಿನ್ ಎಂಬ ವಸ್ತು. 1966ರಲ್ಲಿ ಚೀನಾ ಮೂಲದ ಬೇರೊಂದು ಮರದಿಂದ ಇದನ್ನು ಮೊದಲು ಬೇರ್ಪಡಿಸಿದವರು ಅಮೆರಿಕದ ಮನ್ರೋ ವಾಲ್ ಮತ್ತು ಮಹಾರಾಷ್ಟ್ರದ ನಂದುರ್‌ಬಾರ್‌ನಲ್ಲಿ ಹುಟ್ಟಿದ ಮನಸುಖ್ ವಾನಿ. ಜೀವಕೋಶ ಇಬ್ಭಾಗವಾಗುವ ಮುನ್ನ ಡಿಎನ್‌ಎಯ ಸಿಕ್ಕು ಬಿಡಿಸುವ ಕಿಣ್ವವೊಂದಿದೆ. ಎಳೆಯನ್ನು ಕತ್ತರಿಸಿ, ಮತ್ತೆ ಬೆಸೆಯುವುದು ಅದರ ಕೆಲಸ. ಕ್ಯಾಂಪ್ಟೊಥೆಸಿನ್ ಹಾಗೆ ಬೆಸೆಯಲು ಬಿಡುವುದಿಲ್ಲ, ಕೋಶ ಸಾಯುತ್ತದೆ. ಇದೇ ಕುಲದ ಟೊಪೊಟೆಕಾನ್ ಶ್ವಾಸಕೋಶದ ಸಣ್ಣಕೋಶ ಕ್ಯಾನ್ಸರ್‌ಗೆ ಹಳೆಯ ಮದ್ದು. ಆದರೆ ಅದು ಒಳ್ಳೆಯ ಕೋಶಗಳನ್ನೂ ಬಿಡದು.

ಹೊಸ ದಾರಿ ಜಾಣತನದ್ದು. ಟ್ರಾಸ್ಟುಜುಮ್ಯಾಬ್ ಡೆರುಕ್ಸ್‌ಟೆಕಾನ್ ಎಂಬ ಮದ್ದಿನಲ್ಲಿ ಒಂದೊಂದು ಪ್ರತಿಕಾಯವೂ ಪ್ರಯೋಗಾಲಯದಲ್ಲಿ ತಯಾರಾದ ಇದೇ ಬಗೆಯ ವಿಷದ ಸುಮಾರು 8 ಅಣುಗಳನ್ನು ಹೊತ್ತು ಕ್ಯಾನ್ಸರ್ ಕೋಶದ ಬಾಗಿಲಿಗೇ ಮುಟ್ಟಿಸುತ್ತದೆ. ಎಚ್‌ಇಆರ್2 ಜೀನ್‌ನಲ್ಲಿ ರೂಪಾಂತರವಿರುವ, ಸಣ್ಣಕೋಶದ್ದಲ್ಲದ ಶ್ವಾಸಕೋಶದ ಕ್ಯಾನ್ಸರ್‌ಗೆ ಅಮೆರಿಕ 2022ರ ಆಗಸ್ಟ್‌ನಲ್ಲಿ ಇದಕ್ಕೆ ಅನುಮತಿ ಕೊಟ್ಟಿತು. ಸಣ್ಣಕೋಶದ್ದಲ್ಲದ ಶ್ವಾಸಕೋಶದ ಕ್ಯಾನ್ಸರ್ ಇರುವವರಲ್ಲಿ ಅಂಥ ರೂಪಾಂತರದವರು ನೂರಕ್ಕೆ ಎರಡರಿಂದ ನಾಲ್ಕು ಮಂದಿ ಮಾತ್ರ. ಜೀನ್ ಪರೀಕ್ಷೆ ಮಾಡಿಸದೆ ಅವರು ಯಾರೆಂದು ತಿಳಿಯುವುದೇ ಇಲ್ಲ.

ಒಂದು ವಿಪರ್ಯಾಸವೂ ಉಂಟು: ಈ ಮದ್ದು ಕೆಲವರಲ್ಲಿ ಶ್ವಾಸಕೋಶವನ್ನೇ ಉರಿಯೂತಕ್ಕೆ ತಳ್ಳುತ್ತದೆ. ಆದ್ದರಿಂದ ಚಿಕಿತ್ಸೆಯ ನಡುವೆ ಹೊಸದಾಗಿ ಒಣಕೆಮ್ಮು, ಏದುಸಿರು ಕಂಡರೆ ಮುಂದಿನ ಭೇಟಿಯ ದಿನಕ್ಕೆ ಕಾಯದೆ ವೈದ್ಯರಿಗೆ ತಿಳಿಸಬೇಕು.