ಸರೋವರದ ಮಡಿಲಲ್ಲಿ ಮೊದಲ ದಿನ

ಸ್ವಿಟ್ಜರ್ಲೆಂಡ್ ಎಂದೊಡನೆ ನಮಗೆ ಹಿಮ, ಗಡಿಯಾರ, ಚಾಕೊಲೇಟು, ಹಿಂದಿ ಸಿನಿಮಾದ ಹಾಡುಗಳು ನೆನಪಾಗುತ್ತವೆ. ಆದರೆ ಅಲ್ಲಿಗೆ ಹೋಗುವ ದಂಪತಿಗಳಿಗೆ ನಿಜವಾದ ಪರೀಕ್ಷೆ ಮೊದಲ ದಿನವೇ! ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಕಾಲು ಊದಿರುತ್ತದೆ, ಕಣ್ಣು ಎಳೆಯುತ್ತಿರುತ್ತದೆ. ಇಷ್ಟು ದುಡ್ಡು ಸುರಿದು ಬಂದಿದ್ದೇವೆ, ಒಂದು ಗಂಟೆಯೂ ದಂಡವಾಗಬಾರದು ಎಂಬ ಆತುರ ಬೇರೆ.

ಕಳೆದ ಜೂನ್‌ನಲ್ಲಿ ನಾವಿಬ್ಬರೇ ಹೊರಟಾಗ ನಮ್ಮವರ ಜೇಬಿನಲ್ಲೊಂದು ಪಟ್ಟಿ ಇತ್ತು. ಮೊದಲ ದಿನಕ್ಕೇ ಆರು ಸ್ಥಳ! "ಆರು ಬೇಡ ರೀ. ಒಂದು ನೀರು, ಒಂದು ಬೆಟ್ಟ, ಅಷ್ಟು ಸಾಕು" ಎಂದೆ. ಮುಖ ಚಿಕ್ಕದು ಮಾಡಿಕೊಂಡರೂ ಒಪ್ಪಿದರು.

ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ. ಲೂಸರ್ನ್ ಪಟ್ಟಣಕ್ಕೆ ಒಂದು ಗಂಟೆಯ ಮೇಲೆ ಸ್ವಲ್ಪ ಹೊತ್ತಿನ ಪ್ರಯಾಣ. ಹೋಟೆಲಿನಲ್ಲಿ ಕೋಣೆ ಸಿಗುವುದು ಮಧ್ಯಾಹ್ನದ ನಂತರವೇ. ಪೆಟ್ಟಿಗೆಗಳನ್ನು ಅಲ್ಲಿಟ್ಟು ಹೊರಬಿದ್ದೆವು. ಹದಿನಾಲ್ಕನೇ ಶತಮಾನದ ಮರದ ಸೇತುವೆ ಊರಿನ ನಡುವೆಯೇ ಇದೆ. 1993ರಲ್ಲಿ ಬೆಂಕಿ ಬಿದ್ದು ಅದರ ಬಹುಭಾಗ ಸುಟ್ಟುಹೋಯಿತಂತೆ. ಊರಿನವರು ಮರುವರ್ಷವೇ ಮತ್ತೆ ಕಟ್ಟಿ ನಿಲ್ಲಿಸಿದರು.

ರೈಲು ನಿಲ್ದಾಣದ ಎದುರಿಗೇ ಹಡಗುಕಟ್ಟೆ. ಸರೋವರದಲ್ಲಿ 1901ರಿಂದ 1928ರೊಳಗೆ ಕಟ್ಟಿದ ಐದು ಉಗಿಹಡಗುಗಳು ಇನ್ನೂ ಓಡಾಡುತ್ತಿವೆ. ಅಂಥದೊಂದನ್ನು ಹತ್ತಿ ಕೂತೆವು. ಸುತ್ತ ಹಸಿರು ಬೆಟ್ಟ, ದೂರದಲ್ಲಿ ಬಿಳಿಯ ಶಿಖರಗಳು, ಕೆಳಗೆ ಕನ್ನಡಿಯಂಥ ನೀರು. ಆದರೆ ನಮ್ಮಿಬ್ಬರ ನಡುವೆ ಮಾತೇ ಹೊರಡಲಿಲ್ಲ.

ನಮ್ಮವರು ನಿವೃತ್ತರಾಗಿ ಎರಡು ವರ್ಷ. ಮಕ್ಕಳು ದೂರದಲ್ಲಿದ್ದಾರೆ. ಮನೆಯಲ್ಲಿ ನಮ್ಮ ಮಾತೆಂದರೆ "ಹಾಲು ಬಂತಾ?", "ಗ್ಯಾಸ್ ಬುಕ್ ಮಾಡಿದ್ರಾ?", "ಮಾತ್ರೆ ತಗೊಂಡ್ರಾ?" ಇಷ್ಟೇ. ಇಲ್ಲಿ ಹಾಲೂ ಇಲ್ಲ, ಗ್ಯಾಸೂ ಇಲ್ಲ. ಹತ್ತು ದಿನ ಹೀಗೇ ಕಳೆಯಬೇಕಾದರೆ ಗತಿಯೇನು ಎಂದು ಒಳಗೊಳಗೇ ದಿಗಿಲಾಯಿತು.

ಇವರು ಎದ್ದು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದೆ. ಹಡಗಿನ ನಡುಭಾಗದಲ್ಲಿ ಕೆಳಗಿನ ಉಗಿಯಂತ್ರ ಎಲ್ಲರಿಗೂ ಕಾಣುವಂತೆ ತೆರೆದಿದೆ. ಕಂಬಿ ಹಿಡಿದು ಮಗುವಿನಂತೆ ನೋಡುತ್ತಾ ನಿಂತಿದ್ದರು.

"ಬಾರೇ ಇಲ್ಲಿ. ಉಗಿ ಒಳಗೆ ಬಂದು ಆ ಪಿಸ್ಟನ್ನನ್ನ ತಳ್ಳುತ್ತೆ ನೋಡು. ನಮ್ಮ ಕಾರ್ಖಾನೆ ಗಾಣದ ಎಂಜಿನ್ನೂ ಹೀಗೇ ಇತ್ತು" ಎಂದರು.

ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವರು. ಅಲ್ಲಿ ಏನು ಮಾಡುತ್ತಾರೆಂದು ಅವರು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಆ ದಿನ ಒಂದೊಂದಾಗಿ ಹೇಳುತ್ತಾ ಹೋದರು. ದೊಡ್ಡ ಮಗಳು ಹುಟ್ಟಿದ ರಾತ್ರಿಯ ಮಾತೂ ಬಂತು. ಅಂದು ಆಸ್ಪತ್ರೆಗೆ ಬರಲಿಲ್ಲವೆಂಬ ಕೊರಗನ್ನು ನಾನು ಇಷ್ಟು ವರ್ಷ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದೆ. ಎಂಜಿನ್ ಕೆಟ್ಟು, ಅಂಗಳದ ತುಂಬ ರೈತರ ಕಬ್ಬಿನ ಗಾಡಿಗಳು ನಿಂತು, ಬೆಳಗಿನವರೆಗೂ ಬಿಟ್ಟು ಬರಲಾಗಲಿಲ್ಲವಂತೆ. "ಆಗಲೇ ಹೇಳಬಾರದಿತ್ತೇ?" ಎಂದೆ. "ನೀನು ಕೋಪದಲ್ಲಿದ್ದೆ. ಆಮೇಲೆ ಹೇಳೋಣ ಅಂದ್ಕೊಂಡೆ, ಹಾಗೇ ಹೋಯ್ತು" ಎಂದರು. ನನಗೆ ನಗುವೋ ಅಳುವೋ ತಿಳಿಯಲಿಲ್ಲ.

ಒಂದು ಗಂಟೆಯಲ್ಲಿ ವಿಟ್ಸ್‌ನೌ ಎಂಬ ಹಳ್ಳಿ ಬಂತು. ಅಲ್ಲಿಂದ ರೀಗಿ ಬೆಟ್ಟಕ್ಕೆ ರೈಲು. 1871ರಲ್ಲಿ ಆರಂಭವಾದ ಇದು ಯೂರೋಪಿನ ಮೊದಲ ಹಲ್ಲುಹಳಿಯ ಬೆಟ್ಟದ ರೈಲು. ಎರಡು ಹಳಿಗಳ ನಡುವೆ ಹಲ್ಲುಗಳಿರುವ ಪಟ್ಟಿಯಿದೆ. ರೈಲಿನ ಅಡಿಯ ಹಲ್ಲುಚಕ್ರ ಅದನ್ನು ಕಚ್ಚಿಕೊಂಡೇ ಏರುತ್ತದೆ. ಮಂಡಿನೋವಿನವರೂ ಸುಮಾರು ಅರ್ಧ ಗಂಟೆಯಲ್ಲಿ 1,798 ಮೀಟರ್ ಎತ್ತರದ ತುದಿ ಸೇರಬಹುದು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಹಾಗಾಗಿ ಎತ್ತರಕ್ಕೆ ಹೆದರಬೇಕಿಲ್ಲ. ಆದರೆ ದಡಕ್ಕಿಂತ ತುದಿಯಲ್ಲಿ ಏಳೆಂಟು ಡಿಗ್ರಿ ಚಳಿ ಹೆಚ್ಚು, ಸ್ವೆಟರು ಮರೆಯಬೇಡಿ.

ಅಮೆರಿಕದ ಹಾಸ್ಯ ಲೇಖಕ ಮಾರ್ಕ್ ಟ್ವೇನ್ 1880ರ ತನ್ನ ಪ್ರವಾಸ ಪುಸ್ತಕದಲ್ಲಿ ಈ ಬೆಟ್ಟದ ತಮಾಷೆ ಬರೆದಿದ್ದಾನೆ. ನಡೆದು ಹತ್ತಿ ದಣಿದು ಮಲಗಿದವನು ಸೂರ್ಯೋದಯ ನೋಡಲು ಕಂಬಳಿ ಹೊದ್ದು ಓಡಿದರೆ, ಅದು ಸೂರ್ಯಾಸ್ತವಾಗಿತ್ತಂತೆ! ದಣಿದ ಪ್ರವಾಸಿಯ ಪಾಡು ಅಂದೂ ಇಂದೂ ಒಂದೇ.

ಸಂಜೆ ಕೋಣೆಗೆ ಮರಳಿದಾಗ ಎಂಟು ಗಂಟೆ. ಹೊರಗೆ ಇನ್ನೂ ಬೆಳಕು. ನಮ್ಮ ಊರಿನಲ್ಲಾಗಲೇ ಹನ್ನೊಂದೂವರೆ. ಒಯ್ದಿದ್ದ ಅವಲಕ್ಕಿ ನೆನೆಸಿ, ಅಲ್ಲೇ ಕೊಂಡ ಮೊಸರು, ಉಪ್ಪು ಕಲಸಿ, ಚಟ್ನಿಪುಡಿ ಉದುರಿಸಿದೆ. ಒಲೆಯಿಲ್ಲದ ಊಟ!

ಹೊರಡುವ ಸೋದರಿಯರಿಗೆ ಒಂದೆರಡು ಮಾತು. ಭಾರತದಿಂದ ಹಾಲಿನ ಪದಾರ್ಥ ಒಯ್ಯುವಂತಿಲ್ಲ. ತುಪ್ಪ, ಪೇಡ ಮನೆಯಲ್ಲೇ ಇರಲಿ. ನಲ್ಲಿಯ ನೀರು ಧಾರಾಳವಾಗಿ ಕುಡಿಯಬಹುದು, ಬಾಟಲಿ ನೀರಿಗೆ ದುಡ್ಡು ಸುರಿಯಬೇಡಿ. ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ರೈಲು, ಹಡಗು, ರೀಗಿ ಬೆಟ್ಟ ಎಲ್ಲಕ್ಕೂ ಅದೇ ಟಿಕೆಟು. ಮೊದಲ ದಿನ ಯಜಮಾನರ ಪಟ್ಟಿಯನ್ನು ಅರ್ಧಕ್ಕೆ ಇಳಿಸಿ. ಉಳಿದ ಹೊತ್ತಿನಲ್ಲಿ ಅವರ ಕೆಲಸದ ಕಥೆಯೊಂದನ್ನು ಕೇಳಿ, ನಿಮ್ಮದೊಂದನ್ನು ಹೇಳಿ.